ನಿಮಗಿದು ಗೊತ್ತೆ? ಹೀರದೆಯೂ ಕೆಲಸ ಮಾಡುವ ಸೂಜಿ

ಥೈರಾಯ್ಡ್ ಗಂಟಿನಲ್ಲಿ ಕ್ಯಾನ್ಸರ್ ಇದೆಯೇ ಎಂದು ನೋಡಲು ಚುಚ್ಚುವ ಸೂಜಿ ನಾವು ಹೆದರುವಷ್ಟು ದಪ್ಪವೇನಲ್ಲ. 25 ಗೇಜ್‌ನದಾದರೆ ಹೊರವ್ಯಾಸ ಸುಮಾರು ಅರ್ಧ ಮಿಲಿಮೀಟರ್. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣ!

ಡಾಕ್ಟರು ಚೀಟಿಯಲ್ಲಿ ‘ಎಫ್‌ಎನ್‌ಎಸಿ’ ಎಂದು ಬರೆಯುವ ಈ ಪರೀಕ್ಷೆಯಲ್ಲಿ ಸಿರಿಂಜ್‌ನಿಂದ ಜೀವಕೋಶಗಳನ್ನು ಹೀರುವುದು ಹಳೆಯ ರೂಢಿ. 1980ರ ದಶಕದಲ್ಲಿ ಫ್ರಾನ್ಸಿನ ವೈದ್ಯರು ಹೀರುವುದನ್ನೇ ಕೈಬಿಟ್ಟ ವಿಧಾನವೊಂದನ್ನು ಬಳಕೆಗೆ ತಂದರು. ಬರೀ ಸೂಜಿಯನ್ನು ಗಂಟಿನೊಳಗೆ ಹಿಂದೆಮುಂದೆ ಆಡಿಸಿದರೆ ಸಾಕು, ಅದರ ಅಂಚು ಕೆರೆದ ಕೋಶಗಳು ದೀಪದ ಬತ್ತಿಗೆ ಎಣ್ಣೆ ಏರಿದಂತೆ ತಾವೇ ಒಳಗೇರುತ್ತವೆ. ಥೈರಾಯ್ಡ್‌ನಲ್ಲಿ ರಕ್ತನಾಳಗಳು ದಟ್ಟ. ಜೋರಾಗಿ ಹೀರಿದರೆ ಗಾಜಿನ ಪಟ್ಟಿಯ ತುಂಬ ರಕ್ತವೇ ಆಗಿ ಕೋಶಗಳು ಮರೆಯಾಗಬಹುದು. ಹೀರದ ವಿಧಾನದಲ್ಲಿ ಈ ಕಾಟ ಸಾಮಾನ್ಯವಾಗಿ ಕಡಿಮೆ. ಆದರೆ ನಾರುಗಟ್ಟಿದ ಗಂಟು ಸುಲಭಕ್ಕೆ ಕೋಶ ಬಿಟ್ಟುಕೊಡದು. ನೀರು ತುಂಬಿದ ಗಂಟನ್ನು ಬರಿದು ಮಾಡಲಂತೂ ಸಿರಿಂಜೇ ಬೇಕು. ಚುಚ್ಚುವ ಕೈ ಎಷ್ಟು ಪಳಗಿದೆ ಎಂಬುದೂ ಸಣ್ಣ ವಿಷಯವಲ್ಲ.

ದಪ್ಪ ಸೂಜಿಯ ಕೋರ್ ಬಯಾಪ್ಸಿ ಅಂಗಾಂಶದ ತುಣುಕನ್ನೇ ತರುತ್ತದೆ. ಆದರೂ ಫಾಲಿಕ್ಯುಲರ್ ಬಗೆಯ ಗಂಟು ನಿರುಪದ್ರವಿಯೋ ಕ್ಯಾನ್ಸರೋ ಎಂದು ಖಚಿತಪಡಿಸಲು ಸಾಮಾನ್ಯವಾಗಿ ಅದೂ ಸಾಲದು. ಕೋಶಗಳು ಗಂಟಿನ ಹೊರಕವಚವನ್ನೋ ರಕ್ತನಾಳವನ್ನೋ ಭೇದಿಸಿವೆಯೇ ಎಂಬುದನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟಿನಲ್ಲೇ ನೋಡಬೇಕು.