ಸಾಂಕ್ರಾಮಿಕ ರೋಗದ ಕಾಲದಲ್ಲಿ ಹೋಟೆಲ್, ಬಾರ್ ತೆರೆಯುವುದು: ನಾವು ಕಲಿತ ಪಾಠ

ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಹೋಟೆಲ್ ಉದ್ಯಮವನ್ನು ನಂಬಿ ಬದುಕುವ ಕುಟುಂಬಗಳು ಅನೇಕ. ಊರಿನಲ್ಲಿ, ಮುಂಬಯಿಯಲ್ಲಿ, ಗಲ್ಫ್ ದೇಶಗಳಲ್ಲಿ ಅಡುಗೆಯವರಾಗಿ, ಸಪ್ಲಾಯರ್‌ಗಳಾಗಿ, ಕ್ಯಾಷಿಯರ್‌ಗಳಾಗಿ ನಮ್ಮವರು ದುಡಿಯುತ್ತಿದ್ದಾರೆ. 2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಹೋಟೆಲ್‌ಗಳಲ್ಲಿ ಕುಳಿತು ಉಣ್ಣುವುದು ನಿಂತಿತು, ಬಾರ್‌ಗಳು ಮುಚ್ಚಿದವು. ಬಾಗಿಲು ಮುಚ್ಚಿದ್ದರೆ ಸಂಬಳವಿಲ್ಲ. ತೆರೆದರೆ ಮನೆಯಲ್ಲಿರುವ ವೃದ್ಧ ತಂದೆತಾಯಿಗೆ ರೋಗ ತಂದೇವೆಂಬ ಭಯ. ಈ ಎರಡರ ನಡುವೆ ಸುರಕ್ಷಿತ ದಾರಿ ಯಾವುದು? ಮುಂದೆ ಇಂತಹ ಕಾಲ ಮತ್ತೆ ಬಂದರೆ ಉಪಯೋಗವಾದೀತೆಂದು ಅದನ್ನು ಇಲ್ಲಿ ವಿವರಿಸುತ್ತೇವೆ.

ಹಂತ ಹಂತವಾಗಿ ತೆರೆದ ಬಗೆ

ಕೇಂದ್ರ ಸರಕಾರವು 2020ರ ಜೂನ್ 8ರಿಂದ ಹೋಟೆಲ್, ರೆಸ್ಟೋರೆಂಟ್‌ಗಳನ್ನೂ ಆರಾಧನಾ ಸ್ಥಳಗಳನ್ನೂ ತೆರೆಯಲು ಅನುಮತಿ ನೀಡಿತು. ಅದಕ್ಕೆ ಮುನ್ನ ಜೂನ್ 4ರಂದು ಆರೋಗ್ಯ ಸಚಿವಾಲಯ ನಿಯಮಗಳನ್ನು ಪ್ರಕಟಿಸಿತ್ತು. ರೆಸ್ಟೋರೆಂಟ್‌ಗಳಲ್ಲಿ ಅರ್ಧದಷ್ಟು ಆಸನಗಳಲ್ಲಿ ಮಾತ್ರ ಜನ ಕೂರಬೇಕು, ಆರು ಅಡಿ ಅಂತರವಿರಬೇಕು, ಹೊರಗಿನ ಗಾಳಿ ಆದಷ್ಟು ಒಳಬರಬೇಕು ಎಂದು ಅದರಲ್ಲಿತ್ತು. ಆರಾಧನಾ ಸ್ಥಳಗಳಲ್ಲಿ ಗಾಯನ ಮಂಡಳಿಗೂ ಪವಿತ್ರ ಜಲದ ಸಿಂಪಡಣೆಗೂ ಅವಕಾಶವಿರಲಿಲ್ಲ. ಬಾರ್‌ಗಳಿಗೆ ಆಗ ಅನುಮತಿ ಸಿಗಲಿಲ್ಲ. ಕರ್ನಾಟಕದಲ್ಲಿ ಬಾರ್‌ಗಳಲ್ಲಿ ಕುಳಿತು ಕುಡಿಯಲು ಅವಕಾಶವಾದದ್ದು ಸೆಪ್ಟೆಂಬರ್ 1ರಿಂದ, ಅದೂ ಅರ್ಧ ಆಸನಗಳಿಗೆ.

ಬಾರ್‌ಗಳ ವಿಷಯದಲ್ಲಿ ಇಷ್ಟು ಎಚ್ಚರಿಕೆ ಏಕೆ? ಉಣ್ಣುವಾಗ, ಕುಡಿಯುವಾಗ ಮಾಸ್ಕ್ ಹಾಕಲಾಗದು. ಬಾರ್‌ನಲ್ಲಿ ಜನರು ಗಂಟೆಗಟ್ಟಲೆ ಕೂರುತ್ತಾರೆ. ಸಂಗೀತದ ಸದ್ದು ಜೋರಾದಂತೆ ಮಾತೂ ಜೋರಾಗುತ್ತದೆ, ಜೋರಾಗಿ ಮಾತಾಡಿದಷ್ಟೂ ಬಾಯಿಂದ ಹೆಚ್ಚು ಕಣಗಳು ಹೊರಬರುತ್ತವೆ. ನಶೆ ಏರಿದ ಮೇಲೆ ಅಂತರದ ನೆನಪು ಯಾರಿಗೂ ಉಳಿಯದು.

ಗಾಳಿಯೇ ಮುಖ್ಯ

ಚೀನಾದ ಗುವಾಂಗ್‌ಝೌ ನಗರದ ಘಟನೆಯೊಂದು ಇದನ್ನು ಸ್ಪಷ್ಟಪಡಿಸುತ್ತದೆ. 2020ರ ಜನವರಿ 24ರಂದು ಅಲ್ಲಿನ ಕಿಟಕಿಗಳಿಲ್ಲದ ರೆಸ್ಟೋರೆಂಟ್ ಒಂದರಲ್ಲಿ ಮೂರು ಕುಟುಂಬಗಳು ಅಕ್ಕಪಕ್ಕದ ಮೇಜುಗಳಲ್ಲಿ ಊಟ ಮಾಡಿದವು. ಒಬ್ಬರಿಗೆ ಸೋಂಕು ಇತ್ತು. ಮುಂದಿನ ದಿನಗಳಲ್ಲಿ ಆ ಮೂರು ಕುಟುಂಬಗಳಲ್ಲಿ ಒಟ್ಟು 10 ಮಂದಿ ರೋಗಿಗಳಾದರು. ಅದೇ ಮಹಡಿಯಲ್ಲಿ ಉಂಡ ಉಳಿದ 73 ಗ್ರಾಹಕರಿಗೆ ರೋಗ ತಗಲಲಿಲ್ಲ. ಆ ಮೂರು ಮೇಜುಗಳ ನಡುವೆ ಹವಾನಿಯಂತ್ರಕ ಒಂದೇ ಗಾಳಿಯನ್ನು ಸುತ್ತಿಸುತ್ತಿದ್ದುದೇ ಕಾರಣವೆಂದು ತಜ್ಞರು ತೀರ್ಮಾನಿಸಿದರು.

ಅದೇ ವರ್ಷದ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಗಾಯನ ತಂಡವೊಂದರ 61 ಮಂದಿ ಅಭ್ಯಾಸಕ್ಕೆ ಸೇರಿದ್ದರು. ಅವರಲ್ಲಿ 53 ಮಂದಿಗೆ ರೋಗ ಬಂತು ಅಥವಾ ಬಂದಿರಬಹುದೆಂದು ಗುರುತಿಸಲಾಯಿತು, ಇಬ್ಬರು ತೀರಿಕೊಂಡರು. ಹೋಟೆಲ್ ಆಗಲಿ, ಚರ್ಚ್ ಆಗಲಿ, ಮುಚ್ಚಿದ ಕೋಣೆಯಲ್ಲಿ ಹೆಚ್ಚು ಹೊತ್ತು ಒಟ್ಟಾಗಿ ಉಸಿರಾಡುವುದೇ ಅಪಾಯದ ಮೂಲ.

ಹಾಗಿದ್ದರೂ ನಾವೆಲ್ಲರೂ ಹೆಚ್ಚು ಗಮನ ಕೊಟ್ಟದ್ದು ಬಾಗಿಲಲ್ಲಿ ಹಣೆಗೆ ಹಿಡಿಯುವ ಜ್ವರಮಾಪಕಕ್ಕೆ, ಮೇಜು ಒರೆಸುವುದಕ್ಕೆ. ಶುಚಿತ್ವ ಬೇಕು. ಆದರೆ ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಸೋಂಕು ಹರಡಬಲ್ಲದು. ಅಂಥವರನ್ನು ಜ್ವರಮಾಪಕ ಹಿಡಿಯಲಾರದು.

ಮಾಡಬೇಕಾದದ್ದೇನು?

ಗಾಳಿ ಆಚೀಚೆ ಹಾಯುವಂತೆ ಎದುರುಬದುರು ಕಿಟಕಿಗಳನ್ನು ತೆರೆದಿಡಬೇಕು. ನಮ್ಮಲ್ಲಿ ಜೂನ್ ಎಂದರೆ ಮಳೆಗಾಲ. ಇರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚುವುದು ರೂಢಿ. ಮಾಡು ಹೊರಚಾಚಿದ ಕಡೆಯ ಕಿಟಕಿಗಳನ್ನಾದರೂ ತೆರೆದು, ಒಳಗಾಳಿಯನ್ನು ಹೊರದೂಡುವ ಎಕ್ಸಾಸ್ಟ್ ಫ್ಯಾನ್ ಹಾಕಬಹುದು. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದಿಲ್ಲ, ಕೋಣೆಯ ಗಾಳಿಯನ್ನೇ ತಂಪು ಮಾಡಿ ಮತ್ತೆ ಬಿಡುತ್ತದೆ ಎಂಬುದನ್ನು ಮರೆಯಬಾರದು. ಸ್ಥಳವಿದ್ದರೆ ಅಂಗಳದಲ್ಲಿ, ಜಗಲಿಯಲ್ಲಿ ಮೇಜು ಹಾಕುವುದು ಎಲ್ಲಕ್ಕಿಂತ ಉತ್ತಮ. ಕೂರುವ ಅವಧಿ ಕಡಿಮೆ ಮಾಡಬೇಕು, ಸಂಗೀತದ ಸದ್ದು ತಗ್ಗಿಸಬೇಕು, ಪಾರ್ಸೆಲ್‌ಗೆ ಪ್ರೋತ್ಸಾಹ ಕೊಡಬೇಕು.

ಇನ್ನೊಂದು ಮಾತು ಕೆಲಸದವರ ಬಗ್ಗೆ. ಗ್ರಾಹಕರು ಒಂದು ಗಂಟೆ ಇದ್ದು ಹೋಗುತ್ತಾರೆ. ಸಪ್ಲಾಯರ್ ದಿನವಿಡೀ ಅದೇ ಗಾಳಿಯಲ್ಲಿರುತ್ತಾನೆ, ರಾತ್ರಿ ಹಲವರೊಂದಿಗೆ ಒಂದೇ ಕೋಣೆಯಲ್ಲಿ ಮಲಗುತ್ತಾನೆ. ಜ್ವರವೆಂದು ಹೇಳಿದರೆ ಆ ದಿನದ ಸಂಬಳ ಹೋಗುವುದಾದರೆ ಅವನು ಹೇಳುವುದಿಲ್ಲ, ಮಾತ್ರೆ ನುಂಗಿ ಕೆಲಸಕ್ಕೆ ಬರುತ್ತಾನೆ. ಆದುದರಿಂದ ಸಂಬಳ ಸಹಿತ ರಜೆ ಕೇವಲ ಔದಾರ್ಯವಲ್ಲ, ರೋಗ ತಡೆಯುವ ಕ್ರಮವೂ ಹೌದು. ಹೋಟೆಲ್ ಮಾಲೀಕರಾದ ನಮ್ಮ ಬಾಂಧವರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ವಿನಂತಿಸುತ್ತೇವೆ.

ನಮ್ಮ ಧರ್ಮಕೇಂದ್ರಗಳ ಸಭಾಭವನಗಳಿಗೂ ಈ ಮಾತು ಅನ್ವಯಿಸುತ್ತದೆ. ರೋಸ್, ಮದುವೆ, ವಾರ್ಷಿಕ ಹಬ್ಬದ ಊಟಗಳು ಅಲ್ಲಿಯೇ ನಡೆಯುತ್ತವೆ. ಭವನದ ಎಷ್ಟು ಕಿಟಕಿಗಳು ನಿಜವಾಗಿ ತೆರೆಯುತ್ತವೆ ಎಂಬುದನ್ನು ಪಾಲನಾ ಮಂಡಳಿಯವರು ಈಗಲೇ ಒಮ್ಮೆ ನೋಡಿಡುವುದು ಒಳಿತು. ಸಂಕಷ್ಟದ ಕಾಲದಲ್ಲಿ ಯಾರ ಮನೆಯಲ್ಲಿ ದುಡಿಮೆ ನಿಂತಿದೆ ಎಂಬುದು ವಾಳೆಯ ಗುರಿಕಾರರಿಗೆ ಮೊದಲು ತಿಳಿಯುತ್ತದೆ. ಅವರು ಅದನ್ನು ಧರ್ಮಗುರುಗಳ ಗಮನಕ್ಕೆ ತರಲಿ.

ಯೇಸುಸ್ವಾಮಿ ಹೇಳಿದ ದಯಾಳು ಸಮಾರಿಯದವನ ಸಾಮತಿಯಲ್ಲಿ ಗಾಯಗೊಂಡವನನ್ನು ಕರೆದೊಯ್ದದ್ದು ಒಂದು ಛತ್ರಕ್ಕೆ. ಆರೈಕೆಯ ಹೊಣೆಯನ್ನು ಛತ್ರದವನಿಗೆ ಒಪ್ಪಿಸಿದ ಸಮಾರಿಯದವನು ಅದರ ಖರ್ಚನ್ನು ತಾನೇ ಕೊಟ್ಟನು. ಅತಿಥಿಯನ್ನು ಕಾಯುವ ಹೋಟೆಲಿನವರನ್ನು ಕಾಯುವ ಹೊಣೆ ನಮ್ಮೆಲ್ಲರ ಮೇಲಿದೆ.