ಮೋಡ ನೋಡುವ ಊರಲ್ಲೂ ತುಕ್ಕು

ರಾಷ್ಟ್ರೀಯ ಹೆದ್ದಾರಿ 69 ಹೊನ್ನಾವರದಲ್ಲಿ ಕಡಲ ಪಕ್ಕದಿಂದ ಹೊರಟು, ಘಟ್ಟ ಹತ್ತಿ, ಶಿವಮೊಗ್ಗ, ಹುಳಿಯಾರು ಹಾದು ಶಿರಾಕ್ಕೆ ಬರುತ್ತದೆ. ಅಲ್ಲಿಂದ ಮಧುಗಿರಿ, ಗೌರಿಬಿದನೂರಿನ ಕಡೆಗೆ ಮುಂದುವರಿಯುತ್ತದೆ. ಹೊನ್ನಾವರದಲ್ಲಿ ಕಾರಿನ ಅಡಿಭಾಗ ತುಕ್ಕು ಹಿಡಿದಿದ್ದರೆ ಯಾರಿಗೂ ಅಚ್ಚರಿಯಿಲ್ಲ. ಉಪ್ಪುಗಾಳಿ, ಬಿಡದ ಮಳೆ, ಇನ್ನೇನಾಗಬೇಕು? ಆದರೆ ಮಧುಗಿರಿಯ ಗ್ಯಾರೇಜಿನಲ್ಲಿ ಕಾರನ್ನು ಜಾಕ್ ಮೇಲೆ ಎತ್ತಿ, ‘ಶಾಕಬ್ಸರ್ ರಾಡ್ ತುಕ್ಕು ತಿಂದೈತೆ ಯಜಮಾನ್ರೆ, ಸೀಲ್ ಹೋಗೈತೆ’ ಎಂದರೆ ಕಾರಿನವರು ಸುಲಭಕ್ಕೆ ನಂಬುವುದಿಲ್ಲ. ‘ಮೋಡ ಕಂಡ್ರೆ ಕೈ ಮುಗಿಯೋ ಊರು ನಮ್ದು, ತುಕ್ಕೆಲ್ಲಿಂದ ಬಂತಪ್ಪಾ?’ ಎನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕಕ್ಕೂ ಬರದ ಪಟ್ಟಿ ಹಳೆಯ ಪರಿಚಯ. ಹಾಗಿದ್ದೂ ಇಲ್ಲಿ ತುಕ್ಕು ಬರುತ್ತದೆ. ಬರುವ ದಾರಿ ಬೇರೆ, ಅಷ್ಟೆ. ಅದರಲ್ಲಿ ದೊಡ್ಡ ಪಾಲು ನಾವೇ ಕೈಯಾರೆ ತೊಳೆದು, ಎಣ್ಣೆ ಹೊಡೆಸಿ ತಂದುಕೊಳ್ಳುವಂಥದ್ದು.

ಶಾಕಬ್ಸರ್ ಎಂದರೆ ಎಣ್ಣೆ ತುಂಬಿದ ಕೊಳವೆ, ಅದರೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್, ಪಿಸ್ಟನ್ನಿಗೆ ಕೂಡಿಸಿದ ಉಕ್ಕಿನ ರಾಡ್. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಕುಗ್ಗಿ ಹಿಗ್ಗುತ್ತದೆ. ಅದು ಕುಣಿಯುತ್ತಲೇ ಇರದಂತೆ ತಡೆಯುವುದು ಪಿಸ್ಟನ್ನಿನ ಸಣ್ಣ ರಂಧ್ರಗಳಲ್ಲಿ ಒತ್ತಿಕೊಂಡು ನುಸುಳುವ ಎಣ್ಣೆ. ಆ ಎಣ್ಣೆ ಹೊರಬರದಂತೆ ಕೊಳವೆಯ ಬಾಯಲ್ಲಿ ಒಂದು ರಬ್ಬರ್ ಸೀಲ್ ಇರುತ್ತದೆ. ರಾಡ್ ಅದರ ತುಟಿಗೆ ಉಜ್ಜಿಕೊಂಡೇ ಓಡಾಡಬೇಕು. ಅದಕ್ಕೇ ರಾಡಿಗೆ ಗಟ್ಟಿ ಕ್ರೋಮ್ ಲೇಪ ಕೊಟ್ಟು ನುಣುಪು ಮಾಡಿರುತ್ತಾರೆ. ಲೇಪದ ದಪ್ಪ 20 ಮೈಕ್ರಾನಿನ ಆಸುಪಾಸು, ಅಂದರೆ ಒಂದು ಮಿಲಿಮೀಟರಿನಲ್ಲಿ ಐವತ್ತನೇ ಒಂದು ಪಾಲು. ಕೊಳವೆಯ ಹೊರಮೈಗೆ ತುಕ್ಕು ಹಿಡಿದರೆ ನೋಡಲು ಚೆನ್ನಾಗಿರುವುದಿಲ್ಲ, ಆದರೆ ತೂತು ಬೀಳಲು ವರ್ಷಗಳೇ ಬೇಕು. ರಾಡಿನ ಕಥೆ ಹಾಗಲ್ಲ. ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಗುಳಿ ಬಿದ್ದರೂ ಸೀಲಿನ ತುಟಿ ಅದರ ಅಂಚಿಗೆ ಸಾವಿರಾರು ಸಲ ಕೆರೆಸಿಕೊಂಡು ಹರಿಯುತ್ತದೆ. ಆಮೇಲೆ ಎಣ್ಣೆ ಹೊರಗೆ, ಧೂಳು ಒಳಗೆ.

ಕ್ರೋಮ್ ಹೊಳೆಯುತ್ತದೆಂದು ಅದನ್ನು ನಂಬಿ ಕೂರುವಂತಿಲ್ಲ. ಪಾವಗಡದ ತಿರುಮಣಿ, ವಳ್ಳೂರು ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆಯಲ್ಲ, ಅಂಥ ಕಡೆ ಫಲಕ ಹೊರುವ ಉಕ್ಕಿನ ಚೌಕಟ್ಟಿಗೆ ಸಾಮಾನ್ಯವಾಗಿ ಸತುವಿನ ಲೇಪ ಕೊಡುತ್ತಾರೆ. ಗೀರು ಬಿದ್ದರೆ ಸತು ಕಬ್ಬಿಣಕ್ಕಿಂತ ಮುಂಚೆ ತಾನು ಸವೆಯುತ್ತದೆ, ಪಕ್ಕದ ಕಬ್ಬಿಣ ಉಳಿಯುತ್ತದೆ. ಕ್ರೋಮಿನ ಸ್ವಭಾವ ಇದಕ್ಕೆ ತಿರುಗುಮುರುಗು. ಅದು ತಾನು ಸವೆಯದೆ, ಗೀರಿನ ತಳದಲ್ಲಿ ತೆರೆದುಕೊಂಡ ಚೂರು ಕಬ್ಬಿಣದ ಮೇಲೇ ಎಲ್ಲ ಭಾರ ಹೊರಿಸುತ್ತದೆ. ಬರೀ ಕಬ್ಬಿಣ ಮೈತುಂಬ ನಿಧಾನಕ್ಕೆ ತುಕ್ಕಾಗುತ್ತದೆ. ಕ್ರೋಮ್ ಹೊದ್ದ ಕಬ್ಬಿಣ ಒಂದೇ ಕಡೆ ಆಳಕ್ಕೆ ಕೊರೆಸಿಕೊಳ್ಳುತ್ತದೆ. ಆದ್ದರಿಂದ ರಾಡಿನ ಮಟ್ಟಿಗೆ ತುಕ್ಕು ತಡೆಯುವುದೆಂದರೆ ಮೊದಲ ಗೀರನ್ನು ತಡೆಯುವುದು.

ಆ ಮೊದಲ ಗೀರು ಎಷ್ಟೋ ಸಲ ಗ್ಯಾರೇಜಿನಲ್ಲೇ ಬೀಳುತ್ತದೆ. ಶಾಕಬ್ಸರಿನ ಮೇಲಿನ ನಟ್ ಬಿಚ್ಚುವಾಗ ರಾಡೂ ಜೊತೆಗೆ ತಿರುಗುತ್ತದೆ. ತಿರುಗದಂತೆ ಹಿಡಿಯಲು ರಾಡಿನ ತುದಿಯಲ್ಲೇ ಚಪ್ಪಟೆ ಜಾಗವನ್ನೋ ಅಲೆನ್ ಕೀ ಕೂರುವ ಗುಳಿಯನ್ನೋ ಬಿಟ್ಟಿರುತ್ತಾರೆ. ಅವಸರದ ಹುಡುಗ ಅದನ್ನು ಬಿಟ್ಟು, ಹೊಳೆಯುವ ರಾಡನ್ನೇ ಗ್ರಿಪ್ ಪ್ಲೈಯರಿನಲ್ಲಿ ಕಚ್ಚಿ ಹಿಡಿದರೆ ಕೆಲಸ ಎರಡು ನಿಮಿಷ ಬೇಗ ಮುಗಿಯುತ್ತದೆ, ಶಾಕಬ್ಸರಿನ ಆಯುಸ್ಸೂ ಹಾಗೇ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು, ‘ಅಣ್ಣ, ರಾಡಿಗೆ ಪ್ಲೈಯರ್ ಹಾಕ್ಬೇಡಪ್ಪ’ ಎಂದು ಒಂದು ಮಾತು ಹೇಳುವುದಕ್ಕೆ ಸಂಕೋಚಪಡಬೇಕಿಲ್ಲ. ಇನ್ನೊಂದು ದಾರಿ ಹರಿದ ಡಸ್ಟ್ ಕವರ್. ರಾಡನ್ನು ಮುಚ್ಚುವ ಈ ಮಡಿಕೆಮಡಿಕೆಯ ರಬ್ಬರ್ ಚೀಲ ಬಿಸಿಲಿಗೆ ಬಿರುಕು ಬಿಟ್ಟರೆ ಜೆಲ್ಲಿಚೂರು, ಮರಳು ನೇರ ರಾಡಿಗೆ ಬಡಿಯುತ್ತವೆ. ಕೆಲವು ನೂರು ರೂಪಾಯಿಯ ಕವರ್ ಬದಲಿಸದೆ ಕೆಲವು ಸಾವಿರದ ಶಾಕಬ್ಸರ್ ಬದಲಿಸುವುದು ಈ ಸೀಮೆಯ ಲೆಕ್ಕಾಚಾರದ ಜನಕ್ಕೆ ಒಪ್ಪುವ ಮಾತಲ್ಲ.

ಇಲ್ಲಿ ತುಕ್ಕನ್ನು ಗುರುತು ಹಿಡಿಯುವುದಕ್ಕೂ ಒಂದು ತೊಡಕಿದೆ. ನೆಲವೇ ತುಕ್ಕಿನ ಬಣ್ಣದ್ದು. ಕೆಮ್ಮಣ್ಣಿನ ಕೆಂಪು ಬಂದಿರುವುದೇ ಕಬ್ಬಿಣದ ಆಕ್ಸೈಡಿನಿಂದ. 1800ರಲ್ಲಿ ಶಿರಾ, ಮಧುಗಿರಿ ಕಡೆ ತಿರುಗಾಡಿದ ಫ್ರಾನ್ಸಿಸ್ ಬುಕಾನನ್, ಮಳೆನೀರು ಹೊತ್ತು ತಂದ ಕಪ್ಪು ಮರಳನ್ನು ಜನ ಕುಲುಮೆಯಲ್ಲಿ ಕರಗಿಸಿ ಕಬ್ಬಿಣ ತೆಗೆಯುತ್ತಿದ್ದುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಬ್ಬಿಣವನ್ನು ಮಣ್ಣಿನಿಂದ ಬಿಡಿಸಲು ಇದ್ದಿಲು, ತಿದಿ, ಬೆವರು ಎಲ್ಲ ಬೇಕಿತ್ತು; ಅದು ಮರಳಿ ಮಣ್ಣಾಗಲು ನೀರು, ಗಾಳಿ ಎರಡೇ ಸಾಕು. ಅದಿರಲಿ. ಕಾರಿನಡಿ ಕೆಂಪಗೆ ಕಂಡದ್ದೆಲ್ಲ ತುಕ್ಕಲ್ಲ, ಕೆಂಪುಮಣ್ಣಿನ ಅಡಿಯಲ್ಲಿ ನಿಜವಾದ ತುಕ್ಕು ಅಡಗಿರಲೂಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಬೇಕು. ಮಣ್ಣಾದರೆ ಬಟ್ಟೆಗೆ ಬರುತ್ತದೆ. ತುಕ್ಕಾದರೆ ಬಣ್ಣ ಉಬ್ಬಿ, ಉಗುರಿಗೆ ಹಕ್ಕಳೆಯಾಗಿ ಏಳುತ್ತದೆ.

ಈಗ ನೀರಿನ ವಿಷಯಕ್ಕೆ ಬರೋಣ. ತುಕ್ಕಿನ ಮೂಲ ಬಹುಪಾಲು ಇಲ್ಲಿದೆ. ವಾಟರ್ ಸರ್ವಿಸ್ ಅಂಗಡಿಗಳು ನಡೆಯುವುದು ಬೋರ್‌ವೆಲ್ ನೀರಿನಲ್ಲಿ. ನಮ್ಮ ಬೋರ್ ನೀರು ಎಷ್ಟು ಗಡುಸೆಂದು ಸ್ನಾನದ ಮನೆಯ ಬಕೆಟ್ಟಿಗೆ ಕಟ್ಟಿದ ಬಿಳಿ ಕಿಟ್ಟವೇ ಹೇಳುತ್ತದೆ. ಆ ಕಿಟ್ಟ ಬಹುತೇಕ ಸುಣ್ಣದ ಅಂಶ, ಅದರಿಂದ ಅಷ್ಟು ತೊಂದರೆಯಿಲ್ಲ. ಕಣ್ಣಿಗೆ ಬೀಳದೆ ಉಳಿಯುವ ಕ್ಲೋರೈಡ್ ಲವಣಗಳೇ ಕಿತಾಪತಿ ಮಾಡುವವು. ಉಪ್ಪು ತಾಗದ ಉಕ್ಕಿನ ಮೈ ತುಕ್ಕಾಗಲು ಗಾಳಿಯ ತೇವ ಸುಮಾರು ಶೇ 60 ದಾಟಬೇಕು. ಅಡುಗೆ ಉಪ್ಪು ಶೇ 75ರ ಮೇಲಿನ ತೇವದಲ್ಲಿ ನೀರಾಗುತ್ತದೆ. ಗಡುಸು ನೀರಿನಲ್ಲಿ ಇರಬಹುದಾದ ಮೆಗ್ನೀಸಿಯಂ ಕ್ಲೋರೈಡ್ ಮಾತ್ರ ಶೇ 33ರಷ್ಟು ತೇವವಿದ್ದರೂ ಗಾಳಿಯಿಂದ ನೀರು ಹೀರಿ ಒದ್ದೆಯಾಗುತ್ತದೆ. ಅಂದರೆ ಒಣಗಿತೆಂದು ನಾವಂದುಕೊಂಡ ಶಾಕಬ್ಸರ್ ರಾತ್ರಿಯಿಡೀ ತೆಳುವಾದ ಉಪ್ಪುನೀರಿನ ಪೊರೆ ಹೊದ್ದಿರುತ್ತದೆ. ಹೊನ್ನಾವರದ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಪೈಪು ಮಾಡುತ್ತದೆ.

ಪಾವಗಡದಲ್ಲಿ ಇದಕ್ಕೆ ಇನ್ನೊಂದು ಮಜಲು ಸೇರುತ್ತದೆ. ಫ್ಲೋರೈಡ್ ಕಾಟದಿಂದ ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ತುಕ್ಕಿನ ಮಟ್ಟಿಗೆ ಫ್ಲೋರೈಡ್ ಅಷ್ಟು ದೊಡ್ಡ ಆರೋಪಿಯಲ್ಲ, ಅದು ಹಲ್ಲು, ಮೂಳೆಗಳ ಶತ್ರು. ಆದರೆ ಆರ್‌ಒ ಘಟಕ ಶುದ್ಧ ನೀರನ್ನು ಬೇರ್ಪಡಿಸಿದಾಗ ಲವಣವೆಲ್ಲ ಹೊರಹರಿಯುವ ನೀರಿಗೆ ಸೇರುತ್ತದೆ. ಅರ್ಧ ನೀರು ಶುದ್ಧವಾಗಿ ಈಚೆ ಬಂದರೆ, ಉಳಿದರ್ಧದ ಉಪ್ಪು ಹೆಚ್ಚು ಕಡಿಮೆ ಇಮ್ಮಡಿ. ಪೋಲಾಗಬಾರದೆಂಬ ಒಳ್ಳೆಯ ಮನಸ್ಸಿನಿಂದ ಅದರಲ್ಲೇ ವಾಹನ ತೊಳೆಯುವವರುಂಟು. ಅಂಗಳ ತೊಳೆಯಲು ಅದು ಸರಿ. ಕಾರಿನ ತಳಕ್ಕೆ ಬೇಡ.

ಹಾಗೆಂದು ಕುಡಿಯುವ ನೀರನ್ನು ಕಾರಿನಡಿ ಸುರಿಯಿರಿ ಎಂದು ಪಾವಗಡದಲ್ಲಿ ನಿಂತು ಹೇಳುವ ಧೈರ್ಯ ನನಗಿಲ್ಲ. ಅಷ್ಟು ನೀರು ಬೇಕಾಗಿಯೂ ಇಲ್ಲ. ಮಣ್ಣು ಪೂರ್ತಿ ಒಣಗಲು ಬಿಟ್ಟು, ನಾರಿನ ಬ್ರಷ್ಷಿನಿಂದ ಕೊಡವಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದರೆ ಮುಕ್ಕಾಲು ಕೆಲಸ ಮುಗಿಯಿತು. ಬೋರ್ ನೀರಲ್ಲೇ ತೊಳೆಸಿದ್ದರೆ ಕೊನೆಯಲ್ಲಿ ಒಂದೊಂದು ಶಾಕಬ್ಸರಿಗೆ ಎರಡು ಚೊಂಬು ಮಳೆನೀರೋ ಸಿಹಿನೀರೋ ಹುಯ್ದು ಒರೆಸಿ, ನಾಲ್ಕೈದು ಕಿಲೋಮೀಟರ್ ಓಡಿಸಿ ಆರಿಸಿದರೆ ಸಾಕು. ತಾರಸಿಯ ಮಳೆನೀರು ಹಿಡಿಯುವ ಮನೆಯವರಿಗೆ ಇದೇನು ಭಾರವಲ್ಲ. ಇನ್ನು ಪ್ರೆಷರ್ ಗನ್ನನ್ನು ಹತ್ತಿರದಿಂದ ಸೀಲಿಗೆ, ಡಸ್ಟ್ ಕವರಿನ ಬಾಯಿಗೆ ಹಿಡಿಯಬಾರದು. ಹೊರಗಿದ್ದ ಕೆಸರನ್ನು ನೀರಿನ ಜೊತೆ ಒಳಕ್ಕೆ ನೂಕುವುದಕ್ಕೆ ಅದಕ್ಕಿಂತ ಒಳ್ಳೆಯ ಯಂತ್ರವಿಲ್ಲ. ಆಯುಧಪೂಜೆಯ ಹಿಂದಿನ ದಿನದ ತೊಳೆತವಂತೂ ಕೇಳುವುದೇ ಬೇಡ. ಸಾಲುಗಟ್ಟಿದ ಕಾರುಗಳ ನಡುವೆ ಒರೆಸಲು ಯಾರಿಗೆ ಪುರುಸೊತ್ತು? ನಿಂಬೆಹಣ್ಣು ದೃಷ್ಟಿ ತೆಗೆಯಬಹುದು, ತೇವ ತೆಗೆಯುವುದಿಲ್ಲ.

ತೊಳೆದ ಮೇಲೆ ಅಂಗಡಿಯವರು ಕೇಳುವ ಮುಂದಿನ ಪ್ರಶ್ನೆ: ‘ಡೀಸೆಲ್ ಹೊಡೀಲಾ ಸಾರ್?’ ತಳಕ್ಕೆಲ್ಲ ಡೀಸೆಲ್ಲನ್ನೋ ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲನ್ನೋ ಸಿಂಪಡಿಸುವ ಪದ್ಧತಿ ಇದು. ಎರಡು ದಿನ ಕಪ್ಪಗೆ ಮಿರುಗುತ್ತದೆ. ಮೂರನೆಯ ದಿನ ಮಧುಗಿರಿ ರಸ್ತೆಯ ಧೂಳೆಲ್ಲ ಅದಕ್ಕೆ ಅಂಟಿ, ಉಪ್ಪನ್ನೂ ತೇವವನ್ನೂ ಹಿಡಿದಿಡುವ ಮೆತ್ತೆಯಾಗುತ್ತದೆ. ಎಣ್ಣೆ ಹತ್ತಿದ ರಾಡಿಗೆ ಮೆತ್ತಿದ ಧೂಳಿಗಂತೂ ಉಪ್ಪುಕಾಗದದ ಗುಣ ಬರುತ್ತದೆ. ಸಾಲದ್ದಕ್ಕೆ ಶಾಕಬ್ಸರಿನ ಬುಷ್‌ಗಳು ಹೆಚ್ಚಾಗಿ ನೈಸರ್ಗಿಕ ರಬ್ಬರಿನವು, ಪೆಟ್ರೋಲಿಯಂ ಎಣ್ಣೆ ಕುಡಿದು ಊದಿಕೊಂಡು ಮೆತ್ತಗಾಗುತ್ತವೆ. ಹಿಂದೆ ನಮ್ಮ ಕಡೆ ಬಂಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಸೇರಿಸಿ ಮಾಡಿದ್ದು. ಆ ಹರಳೆಣ್ಣೆ ರಬ್ಬರನ್ನು ಊದಿಸುವುದಿಲ್ಲ. ಮೊದಮೊದಲ ಕಾರುಗಳ ಬ್ರೇಕ್ ಆಯಿಲನ್ನು ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿ ಮಾಡುತ್ತಿದ್ದುದೂ ಇದೇ ಕಾರಣಕ್ಕೆ. ಹಾಗೆಂದು ರಾಡಿಗೆ ಹರಳೆಣ್ಣೆ ಸವರಲು ಹೋಗಬೇಡಿ. ರಾಡಿಗೆ ಯಾವ ಎಣ್ಣೆಯೂ, ಯಾವ ಗ್ರೀಸೂ, ಯಾವ ಕೋಟಿಂಗೂ ಬೇಡ. ಒಣ ಬಟ್ಟೆಯೇ ಅದಕ್ಕೆ ಅಲಂಕಾರ. ಸಣ್ಣ ತುಕ್ಕು ಕಂಡಿತೆಂದು ಎಮರಿ ಕಾಗದ ಹಾಕಿ ತಿಕ್ಕಿದರೆ ಇದ್ದ ಕ್ರೋಮೂ ಹೋಗುತ್ತದೆ.

ಕೋಟಿಂಗ್, ಬಣ್ಣ ಬೇಕಿರುವುದು ಕೊಳವೆಯ ಹೊರಮೈಗೆ ಮತ್ತು ಸ್ಪ್ರಿಂಗ್ ಕೂರುವ ತಟ್ಟೆಗೆ. ಜೆಲ್ಲಿ ಲಾರಿಗಳ ಹಿಂದೆ ಓಡಿದ ಕಾರಿನ ಕೊಳವೆಯಲ್ಲಿ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿರುತ್ತದೆ. ಸಡಿಲ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಕೆರೆದು, ಪ್ರೈಮರ್ ಬಳಿದು, ಮೇಲೆ ಕಪ್ಪು ಬಣ್ಣ ಹೊಡೆಯುವುದು ಭಾನುವಾರ ಬೆಳಗಿನ ಕೆಲಸ. ರಾಡನ್ನೂ ರಬ್ಬರನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಕು ಅಷ್ಟೆ. ಸ್ಪ್ರಿಂಗ್ ತಟ್ಟೆಯನ್ನು ಬಹಳ ಜನ ಮರೆಯುತ್ತಾರೆ. 2022ರಲ್ಲಿ ಜಯಮಂಗಲಿ ತುಂಬಿ ಹರಿದು, ಕೊರಟಗೆರೆಯ ತೀತಾ ಜಲಾಶಯ ಕೋಡಿ ಬಿದ್ದಾಗಿನಂಥ ಮಳೆಯಲ್ಲಿ ಹಳ್ಳ ದಾಟಿದ ಕಾರುಗಳ ತಟ್ಟೆಯಲ್ಲಿ ಗೋಡು ತುಂಬಿಕೊಂಡು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಸ್ಪ್ರಿಂಗಿನ ಕೊನೆಯ ಸುತ್ತು ಕೂರುವುದು ಅದರಲ್ಲೇ. ತುಕ್ಕಿನ ಗುಳಿ ಬಿದ್ದಲ್ಲೇ ಬಿರುಕು ಹುಟ್ಟಿ, ಒಂದು ದಿನ ಸ್ಪ್ರಿಂಗ್ ತುಂಡಾಗುತ್ತದೆ. ತಟ್ಟೆಯಲ್ಲಿ ನೀರು ಬಸಿಯಲು ತೂತಿದ್ದರೆ ಕಡ್ಡಿ ಆಡಿಸಿ ಬಿಡಿಸಿಡಿ.

ತೋಟದವರಿಗೆ ಒಂದು ಮಾತು. ಡಿಕ್ಕಿಯಲ್ಲಿ ಗೊಬ್ಬರದ ಚೀಲ ತರುವಾಗ ಪೊಟ್ಯಾಷ್ ಉದುರಿದರೆ ಅದು ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಖಾಸಾ ತಮ್ಮ. ಕೆಲವು ಕಾರುಗಳಲ್ಲಿ ಹಿಂದಿನ ಶಾಕಬ್ಸರಿನ ಮೇಲ್ತುದಿ ಡಿಕ್ಕಿಯ ಒಳಗೇ ಇರುತ್ತದೆ. ಟಾರ್ಪಾಲು ಹಾಸಿ, ಆಮೇಲೆ ಗುಡಿಸಿ.

ಇಷ್ಟೆಲ್ಲ ಮಾಡಿಯೂ ಶಾಕಬ್ಸರ್ ಹೋಗುವ ದಿನ ಬಂದೇ ಬರುತ್ತದೆ. ಆದರೆ ಹೋಗಿದೆಯೆಂದು ತೀರ್ಮಾನಿಸುವ ಮುನ್ನ ಒಮ್ಮೆ ಬಗ್ಗಿ ನೋಡಿ. ಸೀಲಿನ ಕೆಳಗೆ ತೆಳುವಾಗಿ ಎಣ್ಣೆಯ ಮಬ್ಬು ಕಂಡರೆ ಅದು ಸಹಜ. ಸೀಲು ಒಣಗದಿರಲು ಅಷ್ಟು ಬೇಕು. ಎಣ್ಣೆ ಇಳಿದು ಕೊಳವೆ ಅರ್ಧಕ್ಕೂ ಹೆಚ್ಚು ತೊಯ್ದು, ಮಣ್ಣು ಕಪ್ಪಗೆ ಕಟ್ಟಿದ್ದರೆ ಬದಲಿಸಬೇಕು, ಎಡ ಬಲ ಜೋಡಿಯಾಗಿಯೇ. ಹೊಸದು ಹಾಕಿಸುವಾಗ ಹಳೆಯ ಡಸ್ಟ್ ಕವರನ್ನೇ ಮತ್ತೆ ತೊಡಿಸಲು ಬಿಡಬೇಡಿ. ಕೆಳಗಿನ ಬೋಲ್ಟಿನ ಕಾಂಡಕ್ಕೆ, ರಬ್ಬರಿಗೆ ತಾಗದಂತೆ, ತೆಳುವಾಗಿ ಗ್ರೀಸ್ ಹಚ್ಚಿಸಿ. ಇಲ್ಲದಿದ್ದರೆ ಬೋಲ್ಟು ಬುಷ್ಷಿನ ಒಳಗಿನ ಉಕ್ಕಿನ ಕೊಳವೆಗೆ ತುಕ್ಕಿನಲ್ಲೇ ಬೆಸೆದುಕೊಂಡು, ಮುಂದಿನ ಸಲ ಗ್ಯಾಸ್ ಕಟರ್ ತರಿಸುವ ಮಾತು ಬರುತ್ತದೆ. ಇಂದಿನ ಬಹುತೇಕ ಶಾಕಬ್ಸರುಗಳಲ್ಲಿ ಎಣ್ಣೆಯ ಜೊತೆ ಒತ್ತಡದ ನೈಟ್ರೋಜನ್ ತುಂಬಿರುತ್ತದೆ. ಅದರ ಪಕ್ಕ ಬೆಂಕಿ ಹಚ್ಚುವುದಕ್ಕೆ ಎಷ್ಟೇ ಅವಸರವಿದ್ದರೂ ಒಪ್ಪಬೇಡಿ. ಬೋಲ್ಟನ್ನು ಹ್ಯಾಕ್ಸಾದಲ್ಲಿ ಕೊಯ್ದು ತೆಗೆಯಲಿ, ಅರ್ಧ ದಿನ ಹಿಡಿದರೂ ಹಿಡಿಯಲಿ.