ಗುರುತು ಮತ್ತು ಗುರುತಿನ ಚೀಟಿ: ಒಡೆಯರಪಾಳ್ಯ ಪರಿಸರದಲ್ಲಿ ಮತದಾರನ ಭಾವಚಿತ್ರದ ಪ್ರಶ್ನೆ

ಕನ್ನಡ ಜನಪದರ ಆಡುಮಾತಿನಲ್ಲಿ ‘ಗುರುತು’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಮರಕ್ಕೆ, ದನಕ್ಕೆ, ಹೊಲದ ಎಲ್ಲೆಗೆ ಹಾಕುವುದು ಗುರುತು. ಮನುಷ್ಯ ಮನುಷ್ಯನನ್ನು ಬಲ್ಲೆನೆನ್ನುವುದೂ ಗುರುತೇ. ಮೊದಲನೆಯದು ವಸ್ತುವಿನ ಮೇಲಿನ ಚಿಹ್ನೆ. ಎರಡನೆಯದು ಸಮುದಾಯದ ನೆನಪಿನಲ್ಲಿರುವ ಸಂಬಂಧ. ಆಧುನಿಕ ಪ್ರಭುತ್ವವು ಮತಗಟ್ಟೆಯಲ್ಲಿ ಮತದಾರನಿಂದ ಭಾವಚಿತ್ರವಿರುವ ಚೀಟಿಯನ್ನು ಕೇಳುವಾಗ ಮೊದಲನೆಯ ಅರ್ಥದ ಗುರುತನ್ನೇ ಮುಖ್ಯವಾಗಿ ಅವಲಂಬಿಸುತ್ತದೆ. ಇದರಿಂದ ಯಾವ ಪ್ರಶ್ನೆ ಬಗೆಹರಿಯುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ಒಡೆಯರಪಾಳ್ಯದ ಪರಿಸರವನ್ನು ಆಧರಿಸಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದ ಒಡೆಯರಪಾಳ್ಯವು ಅಧ್ಯಯನದ ದೃಷ್ಟಿಯಿಂದ ವಿಶಿಷ್ಟವಾದ ನೆಲೆ. ಕನ್ನಡ ಮಾತಾಡುವ ಬೇಸಾಯಗಾರರು, ಕಾಡಂಚಿನ ಪೋಡುಗಳ ಸೋಲಿಗರು, 1970ರ ದಶಕದಲ್ಲಿ ಇಲ್ಲಿ ನೆಲೆಗೊಂಡ ಧೊಂಡೆನ್‌ಲಿಂಗ್ ವಸಾಹತಿನ ಟಿಬೆಟನ್ನರು, ಹೀಗೆ ಮೂರು ಬಗೆಯ ಜನ ಈ ಪರಿಸರದಲ್ಲಿದ್ದಾರೆ. ಕೊಳ್ಳೇಗಾಲ ಸೀಮೆಯು 1956ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದುದರಿಂದ, ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಇಲ್ಲಿನವರು ಮತ ಹಾಕಿದ್ದು ಮದರಾಸು ವಿಧಾನಸಭೆಗೆ. ನಿಂತ ನೆಲ ಬದಲಾಗದೆಯೇ ರಾಜ್ಯ ಬದಲಾಯಿತು. ‘ಇಲ್ಲಿಯವರು’ ಎನ್ನುವುದನ್ನು ನೆಲ ಒಂದು ಬಗೆಯಲ್ಲಿ, ದಾಖಲೆ ಇನ್ನೊಂದು ಬಗೆಯಲ್ಲಿ ಹೇಳಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಹೆಸರಿನ ತೊಡಕು

1951–52ರ ಚುನಾವಣೆಯ ಪಟ್ಟಿ ತಯಾರಾಗುವಾಗ, ಮುಖ್ಯವಾಗಿ ಉತ್ತರ ಭಾರತದ ಪ್ರಾಂತ್ಯಗಳಲ್ಲಿ, ಅನೇಕ ಮಹಿಳೆಯರು ತಮ್ಮ ಹೆಸರನ್ನು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದರು. ಹಾಗೆ ಬರೆಸಿದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಊರಿನಲ್ಲಿ ಅವರನ್ನು ಅರಿಯದವರಿರಲಿಲ್ಲ. ಪಟ್ಟಿಗೆ ಮಾತ್ರ ಅವರು ಅಪರಿಚಿತರಾದರು. ಮಲೆ ಮಹದೇಶ್ವರನ ಒಕ್ಕಲುಗಳಿರುವ ಈ ಸೀಮೆಯಲ್ಲಿ ತೊಡಕು ಬೇರೆ ರೂಪದ್ದು. ಇಲ್ಲಿ ಮಾದ, ಮಾದಯ್ಯ, ಮಾದಮ್ಮ, ಮಾದೇವ ಎಂಬ ಹೆಸರುಗಳು ಮನೆಮನೆಯಲ್ಲಿವೆ. ಊರು ಇವರನ್ನು ತಂದೆಯ ಹೆಸರಿನಿಂದ, ಅಡ್ಡಹೆಸರಿನಿಂದ, ಕಸುಬಿನಿಂದ, ಕುಲದಿಂದ ಬೇರ್ಪಡಿಸಿ ಕರೆಯುತ್ತದೆ. ಪಟ್ಟಿಯಲ್ಲಿ ಒಂದೇ ಹೆಸರು ಹಲವು ಬಾರಿ ಬಂದಾಗ ಭಾವಚಿತ್ರವು ನಿಜಕ್ಕೂ ಉಪಯುಕ್ತ ಸಾಧನವೆಂಬುದನ್ನು ಒಪ್ಪಬೇಕು.

ಕಾನೂನಿನಲ್ಲಿರುವ ಮೂರು ಗುರುತುಗಳು

ಭಾರತದ ಚುನಾವಣಾ ಕಾನೂನು ಒಂದೇ ಬಗೆಯ ಗುರುತನ್ನು ನೆಚ್ಚಿಕೊಂಡಿಲ್ಲ. ಮೊದಲನೆಯದು ದೇಹದ ಗುರುತು. ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು 1962ರ ಚುನಾವಣೆಯಿಂದ ಅಳಿಸಲಾಗದ ಶಾಯಿಯನ್ನು ಒದಗಿಸುತ್ತ ಬಂದಿದೆ. ಸತ್ತ ಮೇಲೂ ಜೊತೆಗೆ ಬರುವುದು ಹಚ್ಚೆಯೊಂದೇ ಎಂದು ನಂಬಿದ ಜನಪದರಿಗೆ ಮೈಮೇಲಿನ ಗುರುತು ಹೊಸದಲ್ಲ. ಆದರೆ ಶಾಯಿಯು ಮತ ಹಾಕಿದವನು ಯಾರೆಂಬುದನ್ನು ಹೇಳದು. ಆತ ಮತ್ತೊಮ್ಮೆ ಹಾಕದಂತೆ ತಡೆಯುತ್ತದೆ ಅಷ್ಟೆ.

ಎರಡನೆಯದು ಕಾಗದದ ಗುರುತು. ಟಿ.ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಭಾವಚಿತ್ರವುಳ್ಳ ಮತದಾರರ ಗುರುತಿನ ಚೀಟಿ ಜಾರಿಗೆ ಬಂದಿತು. ಚೀಟಿ ಇಲ್ಲದವರು ಉದ್ಯೋಗ ಖಾತರಿ ಕಾರ್ಡು, ಭಾವಚಿತ್ರವಿರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್ಕು, ಆಧಾರ್ ಮುಂತಾದ ಪರ್ಯಾಯ ದಾಖಲೆಗಳನ್ನು ತೋರಿಸಲು ಆಯೋಗವು ಅವಕಾಶ ನೀಡಿದೆ.

ಮೂರನೆಯದು ಬಾಯಿಮಾತಿನ ಗುರುತು. 1961ರ ಚುನಾವಣೆ ನಡೆಸುವ ನಿಯಮಗಳ ಪ್ರಕಾರ ಮತದಾರರನ್ನು ಗುರುತಿಸಲು ನೆರವಾಗುವವರನ್ನು ಮತಗಟ್ಟೆಯ ಅಧ್ಯಕ್ಷಾಧಿಕಾರಿ ನೇಮಿಸಿಕೊಳ್ಳಬಹುದು. ಎರಡು ರೂಪಾಯಿ ಠೇವಣಿಯಿಟ್ಟು ಮತದಾರನ ಗುರುತನ್ನು ಪ್ರಶ್ನಿಸುವ ಹಕ್ಕು ಅಭ್ಯರ್ಥಿಗಳ ಏಜೆಂಟರಿಗಿದೆ. ಆಗ ಅಧಿಕಾರಿಯು ಸ್ಥಳದಲ್ಲೇ ವಿಚಾರಣೆ ನಡೆಸಿ ತೀರ್ಮಾನಿಸಬೇಕು. ನಾಲ್ವರ ಮುಂದೆ ಸಾಕ್ಷಿ ಕೇಳುವ ನ್ಯಾಯಪಂಚಾಯಿತಿಯ ಕ್ರಮಕ್ಕೆ ಇದು ಹತ್ತಿರವಾದುದು.

ವಾದ–ಪ್ರತಿವಾದ

ಭಾವಚಿತ್ರ ಕಡ್ಡಾಯವಾಗಬೇಕೆನ್ನುವವರ ಮುಖ್ಯ ಆಧಾರ ನಕಲಿ ಮತದಾನದ ಭೀತಿ. ಬೇಡವೆನ್ನುವವರದು ಅರ್ಹರು ಹಿಂದಿರುಗಬೇಕಾಗುವ ಭೀತಿ. ಯಳಂದೂರಿಗೆ ಹೊಂದಿಕೊಂಡ ಸಂತೇಮರಹಳ್ಳಿ ಕ್ಷೇತ್ರದಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಅವರು 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರು 40,751 ಮತ ಪಡೆದರು. ಅಲ್ಲಿ ನಕಲಿ ಮತ ಬಿದ್ದಿತ್ತೆಂದು ಹೇಳಲು ಈ ಅಂಕಿಗಳಲ್ಲಿ ಆಧಾರವಿಲ್ಲ. ಆದರೆ ಒಂದು ಮತದ ತೂಕವೆಷ್ಟೆಂಬುದನ್ನು ಅವು ತೋರಿಸುತ್ತವೆ. ಅನ್ಯಾಯವಾಗಿ ಒಳಬಂದ ಒಂದು ಮತವೂ ಅನ್ಯಾಯವಾಗಿ ಹೊರಗುಳಿದ ಒಂದು ಮತವೂ ಇಂಥ ಕಡೆ ಸಮಾನ ಹಾನಿಯನ್ನೇ ಮಾಡುತ್ತವೆ.

ಬಾಯಿಮಾತಿನ ಗುರುತನ್ನು ಆದರ್ಶವೆಂದು ಭಾವಿಸುವುದೂ ಸರಿಯಲ್ಲ. ‘ಇವನು ನಮ್ಮವನು’ ಎಂದು ಹೇಳುವ ಅಧಿಕಾರ ಊರಿನಲ್ಲಿ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಯಜಮಾನರ ಮಾತಿಗಿರುವ ಬೆಲೆ ಕೂಲಿಯಾಳಿನ ಮಾತಿಗಿರುವುದಿಲ್ಲ. ಸ್ವಂತ ಚೀಟಿಯುಳ್ಳ ಭೂಹೀನನು ಯಾರ ಸಾಕ್ಷಿಯನ್ನೂ ಬೇಡದೆ ಮತಗಟ್ಟೆಯನ್ನು ಪ್ರವೇಶಿಸಬಲ್ಲ. ಈ ಸ್ವಾತಂತ್ರ್ಯ ಸಣ್ಣದಲ್ಲ.

ಎರಡು ಸಮುದಾಯ, ಎರಡು ಕೊರತೆ

ಸೋಲಿಗರಲ್ಲಿ ವ್ಯಕ್ತಿಯ ಗುರುತು ಕುಲ ಮತ್ತು ನೆಲೆಗಳಿಂದ ನಿರ್ಧಾರವಾಗುತ್ತದೆ. ತೆನೇರು, ಬೆಳ್ಳೇರು, ಹಾಲೇರು ಮುಂತಾದ ಕುಲಗಳು ಮದುವೆಯ ಸಂಬಂಧವನ್ನು ನಿಯಂತ್ರಿಸಿದರೆ, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳು ಕುಲಕ್ಕೂ ಕಾಡಿಗೂ ಇರುವ ನಂಟನ್ನು ಹೇಳುತ್ತವೆ. ಕಾಡಿನ ಒಳನೆಲೆಗಳಲ್ಲಿ ಹುಟ್ಟಿದ ಹಿರಿಯರಿಗೆ ಜನನ ದಾಖಲೆಯಂಥ ಕಾಗದಗಳು ದೂರದ ವಸ್ತುಗಳಾಗಿದ್ದವು. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ರೂಪುಗೊಂಡ ನಿಯಮಗಳು ಹಿರಿಯರ ಹೇಳಿಕೆಯನ್ನು, ವಂಶಾವಳಿಯನ್ನು, ಸಮಾಧಿ ಸ್ಥಳ ಹಾಗೂ ಪವಿತ್ರ ತಾಣಗಳನ್ನು ಪುರಾವೆಯಾಗಿ ಸ್ವೀಕರಿಸಿದವು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕುಗಳು ದೊರೆತವು. ಮೌಖಿಕ ಪರಂಪರೆಯು ಕಾನೂನಿನ ಪುರಾವೆಯಾಗಬಲ್ಲದೆಂಬುದನ್ನು ಪ್ರಭುತ್ವವೇ ಒಪ್ಪಿಕೊಂಡ ಸಂದರ್ಭವಿದು.

ಒಡೆಯರಪಾಳ್ಯದ ಟಿಬೆಟನ್ನರ ಸ್ಥಿತಿ ಇದಕ್ಕೆ ತಿರುವುಮುರುವು. ಅವರ ಬಳಿ ಭಾವಚಿತ್ರವಿರುವ ದಾಖಲೆಗಳಿಗೆ ಕೊರತೆಯಿಲ್ಲ. ಭಾರತ ಸರ್ಕಾರದ ನೋಂದಣಿ ಪತ್ರವಿದೆ. ದೇಶಭ್ರಷ್ಟ ಟಿಬೆಟನ್ ಆಡಳಿತದ ಚುನಾವಣೆಯಲ್ಲಿ ಮತ ಹಾಕಲು ಬೇಕಾದ ‘ಹಸಿರು ಪುಸ್ತಕ’ವಿದೆ. ಆದರೂ ನೋಂದಣಿ ಪತ್ರವು ಅವರನ್ನು ವಿದೇಶೀಯರೆಂದೇ ಗುರುತಿಸುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಜನ್ಮತಃ ಪೌರರೆಂಬ ನೆಲೆಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಟಿಬೆಟನ್ ಅರ್ಜಿದಾರರೊಬ್ಬರ ಪರ ತೀರ್ಪಿತ್ತಿತು. 2014ರ ಫೆಬ್ರವರಿಯಲ್ಲಿ ಚುನಾವಣಾ ಆಯೋಗವು ಅಂಥವರನ್ನು ಪಟ್ಟಿಗೆ ಸೇರಿಸಲು ಸೂಚಿಸಿತು. ಕೆಲವರು ಸೇರಿದರು, ನಿರಾಶ್ರಿತರೆಂಬ ಗುರುತೇ ತಾಯ್ನಾಡಿನ ಹೋರಾಟದ ಆಧಾರವೆಂದು ಭಾವಿಸಿದವರು ಹಿಂಜರಿದರು. ಒಂದೇ ಮನೆಯಲ್ಲಿ 1987ಕ್ಕೆ ಮೊದಲು ಹುಟ್ಟಿದ ಅಕ್ಕ ಮತದಾರಳಾಗಿ, ಅನಂತರ ಹುಟ್ಟಿದ ತಮ್ಮ ಆಗದಿರುವ ಸಾಧ್ಯತೆಯನ್ನೂ ಈ ದಿನಾಂಕ ಸೃಷ್ಟಿಸಿತು.

ಸಮಾರೋಪ

ಈ ಎರಡು ನಿದರ್ಶನಗಳನ್ನು ಹೋಲಿಸಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ‘ಇವನು ಯಾರು?’ ಎಂಬುದು ಒಂದು ಪ್ರಶ್ನೆ, ‘ಇವನು ಇಲ್ಲಿಯವನೇ?’ ಎಂಬುದು ಇನ್ನೊಂದು. ಭಾವಚಿತ್ರವು ಮೊದಲನೆಯದಕ್ಕೆ ಮಾತ್ರ ಉತ್ತರಿಸಬಲ್ಲದು. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯ ಸಂದರ್ಭದಲ್ಲಿ ಸರ್ವೋಚ್ಚ ನ್ಯಾಯಾಲಯವು ಆಧಾರನ್ನು ಗುರುತಿನ ದಾಖಲೆಯಾಗಿ ಸ್ವೀಕರಿಸಲು ಹೇಳಿ, ಅದು ಪೌರತ್ವದ ಪುರಾವೆಯಲ್ಲವೆಂದು ಸ್ಪಷ್ಟಪಡಿಸಿದುದು ಇದೇ ವ್ಯತ್ಯಾಸವನ್ನು. ಬ್ರಿಟನ್ನಿನಲ್ಲಿ 2022ರ ಕಾಯ್ದೆಯಂತೆ 2023ರ ಮೇ ತಿಂಗಳ ಸ್ಥಳೀಯ ಚುನಾವಣೆಗಳಿಂದ ಭಾವಚಿತ್ರ ಕಡ್ಡಾಯವಾದಾಗ ಎದ್ದ ಚರ್ಚೆಯು ಹೆಚ್ಚಾಗಿ ಮೊದಲನೆಯ ಪ್ರಶ್ನೆಯದು. ಭಾರತದಲ್ಲಿ ಎರಡೂ ಪ್ರಶ್ನೆಗಳು ಒಂದೇ ಚೀಟಿಯ ಮೇಲೆ ಬಂದು ಬೀಳುತ್ತವೆ.

ಆದುದರಿಂದ ಮತಗಟ್ಟೆಯಲ್ಲಿ ಭಾವಚಿತ್ರವನ್ನು ಕೇಳುವುದು ತಪ್ಪೆನ್ನಲಾಗದು. ಅದೊಂದೇ ಸಾಕೆನ್ನುವುದು ತಪ್ಪು. ಕಾಗದವಿಲ್ಲದ ಸೋಲಿಗ ಹಿರಿಯನಿಗೆ ಪೋಡಿನ ಸಾಕ್ಷಿ ನೆರವಾಗಬೇಕು. ಯಜಮಾನರ ಸಾಕ್ಷಿ ದೊರೆಯದ ಬಡವನಿಗೆ ಚೀಟಿ ನೆರವಾಗಬೇಕು. ಕಾನೂನಿನಲ್ಲಿ ಈ ಎರಡಕ್ಕೂ ಈಗಾಗಲೇ ಜಾಗವಿದೆ. ಅವುಗಳಲ್ಲಿ ಒಂದನ್ನು ಮುಚ್ಚಿದರೆ ಹೊರಗುಳಿಯುವವರು ಯಾರೆಂಬುದನ್ನು ಒಡೆಯರಪಾಳ್ಯದಂಥ ಊರುಗಳು ಮೊದಲೇ ಹೇಳಬಲ್ಲವು.